ಜಾಲಪುಟದಲ್ಲಿ ತೋರುವುದೂ ಅಡಗುವುದೂ

ಶಾಲಾಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ರೈಲಿನ ಟಿಕೇಟು, ಬ್ಯಾಂಕಿನ ಲೆಕ್ಕ, ಇವೆಲ್ಲವೂ ಈಗ ಬಹುಮಟ್ಟಿಗೆ ಕಾಗದವನ್ನು ಬಿಟ್ಟು ಜಾಲಪುಟವನ್ನು ಸೇರಿರುವ ಸಂಗತಿಯು ಹೆತ್ತವರಿಗೆ ನಾವು ಹೇಳಿ ತಿಳಿಯಬೇಕಾದುದಲ್ಲ. ಆದರೆ ಕಾಗದದ ಅರ್ಜಿಗೂ ಜಾಲಪುಟದ ಅರ್ಜಿಗೂ ಒಂದು ದೊಡ್ಡ ಭೇದವುಂಟು. ಕಾಗದದಲ್ಲಿ ಅಚ್ಚಾದ ಪ್ರಶ್ನೆಗಳು ಎಲ್ಲರ ಕಣ್ಣಿಗೂ ಒಂದೇ ತೆರನಾಗಿ ಕಾಣುವುವು. "ಹಾಸ್ಟೆಲಿನಲ್ಲಿ ಇರುವವರು ಮಾತ್ರ ತುಂಬತಕ್ಕದ್ದು" ಎಂದು ಬರೆದಿದ್ದರೆ ಮಿಕ್ಕವರು ಆ ಭಾಗಕ್ಕೆ ಅಡ್ಡಗೆರೆ ಎಳೆದು ಮುಂದೆ ಹೋಗುವರು. ಜಾಲಪುಟದಲ್ಲಾದರೋ "ಹಾಸ್ಟೆಲು ಬೇಕು" ಎಂಬ ಚೌಕಕ್ಕೆ ಗುರುತು ಹಾಕಿದ ಕ್ಷಣವೇ ನಾಲ್ಕು ಹೊಸ ಪ್ರಶ್ನೆಗಳು ಮೂಡುವುವು. ಗುರುತನ್ನು ತೆಗೆದರೆ ಅವು ಮಾಯವಾಗುವುವು. ಈ ಮೂಡುವಿಕೆಯ ಒಳಗುಟ್ಟೇನು, ಮಾಯವಾದ ಪ್ರಶ್ನೆಯು ಎಲ್ಲಿಗೆ ಹೋಗುವುದು, ಅದರೊಳಗೆ ನಾವು ಬರೆದಿದ್ದ ಮಾತು ಏನಾಗುವುದು ಎಂಬುದನ್ನು ಇಲ್ಲಿ ಯಥಾಶಕ್ತಿ ವಿವರಿಸಲು ಯತ್ನಿಸುವೆವು. ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕಸುಬನ್ನೇ ಹಿಡಿದಿರುವವರು ನಮ್ಮ ವಿವರಣೆಯ ಸರಳತೆಯನ್ನು ಮನ್ನಿಸಬೇಕು; ಮಿಕ್ಕ ಸಹೋದರಿಯರೂ ತಾಯಿತಂದೆಗಳೂ ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟವನ್ನು ತಿರುವದಿರಲೆಂದು ಬೇಡುವೆವು. ಯಾಕಂದರೆ ಮರೆಯಾದುದರ ವಿಷಯದಲ್ಲಿ ಹೆಚ್ಚು ನಷ್ಟಕ್ಕೆ ಗುರಿಯಾಗತಕ್ಕವರು ಪುಟವನ್ನು ಕಟ್ಟಿದವರಲ್ಲ, ಅದನ್ನು ನಂಬಿ ತುಂಬಿದವರೇ.

ಮೊದಲು ಕೆಲವು ಹೆಸರುಗಳ ಪರಿಚಯವಾಗಲಿ. ಜಾಲಪುಟವು ಕಣ್ಣಿಗೆ ಒಂದೇ ಹಾಳೆಯಂತೆ ಕಂಡರೂ ಅದು ಬಿಡಿಬಿಡಿಯಾದ ತುಂಡುಗಳನ್ನು ಜೋಡಿಸಿ ಕಟ್ಟಿದುದಾಗಿದೆ. ಹೆಸರನ್ನು ಬರೆಯುವ ಪೆಟ್ಟಿಗೆ ಒಂದು ತುಂಡು. ಹುಟ್ಟಿದ ತಾರೀಖನ್ನು ಆರಿಸುವ ಕ್ಯಾಲೆಂಡರು ಇನ್ನೊಂದು. "ಕಳುಹಿಸಿ" ಎಂಬ ಗುಂಡಿ ಮತ್ತೊಂದು. ಇವುಗಳಿಗೆ ಕಸುಬಿನವರು ಕಂಪೋನೆಂಟ್ ಎನ್ನುವರು. ಒಂದರೊಳಗೆ ಇನ್ನೊಂದು ಸೇರಿಕೊಂಡಿರುವುದರಿಂದ ಇಡೀ ಪುಟವು ವಂಶವೃಕ್ಷದ ಆಕಾರವನ್ನು ತಾಳುವುದು: ಅರ್ಜಿಯೆಂಬ ತಾಯಿ, ಅದರ ಭಾಗಗಳೆಂಬ ಮಕ್ಕಳು, ಆ ಭಾಗಗಳೊಳಗಿನ ಪೆಟ್ಟಿಗೆಗಳೆಂಬ ಮೊಮ್ಮಕ್ಕಳು. ನಮ್ಮ ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಇರುವ ಬ್ರೌಸರು ಈ ವೃಕ್ಷವನ್ನು ತನ್ನ ನೆನಪಿನಲ್ಲಿಟ್ಟುಕೊಂಡು, ಅದನ್ನು ನೋಡಿ ಪರದೆಯ ಮೇಲೆ ಚಿತ್ರ ಬರೆಯುವುದು. ವೃಕ್ಷ ಬೇರೆ, ಚಿತ್ರ ಬೇರೆ ಎಂಬ ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲವೂ ಇದರ ಮೇಲೆಯೇ ನಿಂತಿದೆ. ಇಂಥ ಪುಟಗಳನ್ನು ಪ್ರತಿಸಲವೂ ಬುಡದಿಂದ ಕಟ್ಟುವ ಶ್ರಮವನ್ನು ತಪ್ಪಿಸುವುದಕ್ಕಾಗಿ ಮುಂಚೆಯೇ ಸಿದ್ಧಪಡಿಸಿಟ್ಟ ಚೌಕಟ್ಟುಗಳಿಗೆ ಫ್ರೇಮ್‌ವರ್ಕ್ ಎಂದು ಹೆಸರು.

ಸುಮಾರು ಇಪ್ಪತ್ತು ವರುಷಗಳ ಹಿಂದೆ ತುಂಡುಗಳನ್ನು ತೋರಿಸುವುದೂ ಅಡಗಿಸುವುದೂ ಆಜ್ಞೆಗಳ ಮೂಲಕ ನಡೆಯುತ್ತಿದ್ದಿತು. 2006ರಲ್ಲಿ ಹೊರಬಂದ ಜೇಕ್ವೆರಿ ಎಂಬ ಸಾಧನವು ಇದನ್ನು ಬಹು ಸುಲಭ ಮಾಡಿತು. "ಈ ಚೌಕಕ್ಕೆ ಗುರುತು ಬಿದ್ದೊಡನೆ ಆ ಪೆಟ್ಟಿಗೆಯನ್ನು ತೋರಿಸು, ಗುರುತು ಹೋದೊಡನೆ ಅಡಗಿಸು" ಎಂದು ಎರಡು ಸಾಲು ಬರೆದರೆ ಕೆಲಸವು ಆಗುತ್ತಿದ್ದಿತು. ಚಿಕ್ಕ ಪುಟಕ್ಕೆ ಇದರಷ್ಟು ಒಳ್ಳೆಯ ಉಪಾಯವಿಲ್ಲ. ಇಂದಿಗೂ ಅನೇಕ ಪುಟಗಳು ಹೀಗೆಯೇ ನಡೆಯುತ್ತಿರುವುವು. ಆದರೆ ಪುಟವು ಬೆಳೆದಂತೆ ಆಜ್ಞೆಗಳು ಒಂದನ್ನೊಂದು ತುಳಿಯತೊಡಗುವುವು. ಹೇಗಂದರೆ: ನಮ್ಮ ಅರ್ಜಿಯಲ್ಲಿ "ಸ್ಥಳೀಯ ಪೋಷಕರ ಹೆಸರು" ಎಂಬ ಪೆಟ್ಟಿಗೆಯೊಂದಿದೆ ಎಂದುಕೊಳ್ಳೋಣ. ಹುಡುಗಿಯು ಹಾಸ್ಟೆಲಿನಲ್ಲಿ ಇರುವುದಾದರೆ ಅದು ಬೇಕು; ತಾಯಿತಂದೆಗಳು ಪರದೇಶದಲ್ಲಿ ಇದ್ದರೂ ಅದು ಬೇಕು. ಒಬ್ಬ ತಾಯಿ ಎರಡಕ್ಕೂ ಗುರುತು ಹಾಕಿದಳು. ಆಮೇಲೆ ಮಗಳನ್ನು ಅಜ್ಜಿಯ ಮನೆಯಲ್ಲಿ ಇರಿಸುವುದೆಂದು ನಿಶ್ಚಯಿಸಿ ಹಾಸ್ಟೆಲಿನ ಗುರುತನ್ನು ತೆಗೆದಳು. ಹಾಸ್ಟೆಲಿಗೆ ಸೇರಿದ ಆಜ್ಞೆಯು ಕೂಡಲೇ "ಪೆಟ್ಟಿಗೆಯನ್ನು ಅಡಗಿಸು" ಎಂದಿತು, ಪೆಟ್ಟಿಗೆಯು ಅಡಗಿಹೋಯಿತು. ಪರದೇಶದಲ್ಲಿರುವ ಆ ತಾಯಿಯ ಮಗಳಿಗೆ ಊರಿನಲ್ಲಿ ಯಾರು ದಿಕ್ಕು ಎಂಬುದನ್ನು ಬರೆಯುವ ಸ್ಥಳವೇ ಇಲ್ಲದೆ ಅರ್ಜಿಯು ಶಾಲೆಗೆ ಬಂದು ಮುಟ್ಟಿತು. ಆಜ್ಞೆಗಳೆರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ, ಕೂಡಿದಾಗ ತಪ್ಪು.

ಈ ತೊಡಕಿನಿಂದ ಪಾರಾಗುವುದಕ್ಕಾಗಿಯೇ ಬೇರೊಂದು ಪದ್ಧತಿಯು ಬಳಕೆಗೆ ಬಂದಿತು. 2010ರ ಆಂಗ್ಯುಲರ್‌ಜೆಎಸ್, 2013ರಲ್ಲಿ ಫೇಸ್‌ಬುಕ್ ಸಂಸ್ಥೆಯವರು ಲೋಕಕ್ಕೆ ತೆರೆದಿಟ್ಟ ರಿಯಾಕ್ಟ್, 2014ರಲ್ಲಿ ಇವಾನ್ ಯೂ ಎಂಬವರು ಹೊರತಂದ ವ್ಯೂ, ಈ ಮೂರೂ ಚೌಕಟ್ಟುಗಳು ಒಂದೊಂದು ಬಗೆಯಲ್ಲಿ ಅದನ್ನೇ ಅನುಸರಿಸಿದುವು. ಇಲ್ಲಿ ಆಜ್ಞೆಯಿಲ್ಲ, ನಿಯಮವುಂಟು. "ಹಾಸ್ಟೆಲು ಬೇಕಾಗಿದ್ದರೆ, ಅಥವಾ ತಾಯಿತಂದೆಗಳು ಪರದೇಶದಲ್ಲಿದ್ದರೆ, ಈ ಪೆಟ್ಟಿಗೆ ಇರಲಿ" ಎಂದು ಪೆಟ್ಟಿಗೆಯ ನೆತ್ತಿಯ ಮೇಲೆಯೇ ಬರೆದಿಡುವರು. ಯಾವ ಗುರುತು ಯಾವಾಗ ಬಿದ್ದಿತು, ಯಾವುದು ಮುಂಚೆ ಯಾವುದು ಹಿಂದೆ ಎಂಬ ಗೊಡವೆಯೇ ಇಲ್ಲ. ಪುಟದ ಸ್ಥಿತಿಯು ಬದಲಾದಾಗಲೆಲ್ಲ ಚೌಕಟ್ಟು ನಿಯಮವನ್ನು ಮತ್ತೆ ಓದಿ, ವೃಕ್ಷವನ್ನು ಅದಕ್ಕೆ ತಕ್ಕಂತೆ ಸರಿಪಡಿಸುವುದು. ಪ್ರತಿಸಲವೂ ಜವಾನನನ್ನು ತರಗತಿಯಿಂದ ತರಗತಿಗೆ ಓಡಿಸಿ "ಈ ಹೊತ್ತು ಡ್ರಿಲ್ಲು ಒಳಗೆ" ಎಂದು ಹೇಳಿಸುವುದು ಒಂದು ರೀತಿ. "ಮಳೆ ಬರುತ್ತಿದ್ದರೆ ಡ್ರಿಲ್ಲು ಹಾಲಿನಲ್ಲಿ" ಎಂದು ನೋಟೀಸುಹಲಗೆಯ ಮೇಲೆ ಒಮ್ಮೆ ಬರೆದಿಡುವುದು ಇನ್ನೊಂದು ರೀತಿ. ಎರಡನೆಯದರಲ್ಲಿ ಜವಾನನು ಒಂದು ತರಗತಿಯನ್ನು ಮರೆಯುವ ಭಯವಿಲ್ಲ.

ಆದರೂ ನಿಯಮವನ್ನು ಬರೆಯುವವರಲ್ಲಿ ಎಚ್ಚರವಿರಬೇಕು. ರಿಯಾಕ್ಟಿನಲ್ಲಿ "ಸಂದೇಶಗಳ ಸಂಖ್ಯೆ ಇದ್ದರೆ ಪಟ್ಟಿಯನ್ನು ತೋರಿಸು" ಎಂದು ಸಂಕ್ಷೇಪವಾಗಿ ಬರೆದಲ್ಲಿ, ಸಂಖ್ಯೆಯು ಸೊನ್ನೆಯಾಗಿರುವಾಗ ಪಟ್ಟಿಯು ಅಡಗುವುದೇನೋ ನಿಜ, ಆದರೆ ಅದರ ಸ್ಥಳದಲ್ಲಿ "0" ಎಂಬ ಅಂಕವೇ ಬಂದು ಕೂತುಬಿಡುವುದು. ಯಾವುದಾದರೂ ಪುಟದಲ್ಲಿ ಕಾರಣವಿಲ್ಲದೆ ಒಂಟಿ ಸೊನ್ನೆಯೊಂದು ಕಣ್ಣಿಗೆ ಬಿದ್ದರೆ ವಾಚಕರು ಈ ಲೇಖನವನ್ನು ನೆನೆಯಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. "ಪೆಟ್ಟಿಗೆ ಕಾಣಿಸುತ್ತಿಲ್ಲ" ಎಂದಾಗ ಅದು ಕಾಣಿಸದೆ ಇರುವ ವಿಧಗಳು ಅನೇಕ. ಶಾಲೆಯ ವಾರ್ಷಿಕೋತ್ಸವದ ನಾಟಕವನ್ನು ನೆನೆಯಿರಿ. ರಂಗದ ಮೇಲೆ ರಾಣಿಯ ಪಾತ್ರವು ಕಾಣಿಸದಿರುವುದಕ್ಕೆ ಮೂರು ಕಾರಣಗಳಿರಬಹುದು. ಪಾತ್ರ ವಹಿಸುವ ಹುಡುಗಿಯು ವೇಷ ತೊಟ್ಟು ತೆರೆಯ ಹಿಂದೆಯೇ ನಿಂತಿರಬಹುದು. ರಂಗದ ಮೇಲೆ ಅವಳ ಸಿಂಹಾಸನವನ್ನು ಖಾಲಿಯಾಗಿ ಬಿಟ್ಟು, ಯಾರೂ ಅದರ ಮೇಲೆ ಕೂರದಂತೆ ಕಾದಿರಿಸಿರಬಹುದು. ಅಥವಾ ಹುಡುಗಿಯು ಆ ಹೊತ್ತು ಶಾಲೆಗೇ ಬಾರದೆ ಇರಬಹುದು. ನೋಡುವವರ ಕಣ್ಣಿಗೆ ಮೂರೂ ಹೆಚ್ಚುಕಡಿಮೆ ಒಂದೇ. ನಾಟಕವನ್ನು ನಡೆಸುವ ಉಪಾಧ್ಯಾಯಿನಿಗಾದರೋ ಮೂರೂ ಬೇರೆ ಬೇರೆ.

ಜಾಲಪುಟದಲ್ಲಿಯೂ ಹಾಗೆಯೇ. ಅಲಂಕಾರದ ನಿಯಮಗಳಲ್ಲಿ "ಡಿಸ್‌ಪ್ಲೇ ನನ್" ಎಂದು ಬರೆದರೆ ತುಂಡು ವೃಕ್ಷದಲ್ಲಿ ಇದ್ದೇ ಇರುವುದು, ಚಿತ್ರದಲ್ಲಿ ಮಾತ್ರ ಬರುವುದಿಲ್ಲ; ಕೆಳಗಿನ ಸಾಲುಗಳು ಮೇಲಕ್ಕೆ ಸರಿದು ಅದರ ಸ್ಥಳವನ್ನು ಮುಚ್ಚುವುವು. ಇದು ತೆರೆಯ ಹಿಂದಿನ ಹುಡುಗಿ. "ವಿಸಿಬಿಲಿಟಿ ಹಿಡನ್" ಎಂದು ಬರೆದರೆ ತುಂಡು ಕಾಣದಿದ್ದರೂ ಅದರ ಸ್ಥಳವು ಬಿಳಿಯಾಗಿ ಉಳಿಯುವುದು. ಇದು ಖಾಲಿ ಸಿಂಹಾಸನ. ಮೂರನೆಯದರಲ್ಲಿ ತುಂಡನ್ನು ವೃಕ್ಷದಿಂದಲೇ ಕಿತ್ತುಹಾಕುವರು, ಅಥವಾ ಮೊದಲಿಗೆ ಕಟ್ಟುವುದೇ ಇಲ್ಲ. ವ್ಯೂ ಎಂಬ ಚೌಕಟ್ಟು ಈ ಭೇದವನ್ನು ಎರಡು ಚಿಕ್ಕ ಮಾತುಗಳಲ್ಲಿ ಬಹು ಸ್ಪಷ್ಟವಾಗಿ ಇಟ್ಟಿರುವುದರಿಂದ ಅದನ್ನೇ ಉದಾಹರಣೆಯಾಗಿ ಹಿಡಿಯುವೆವು. "ವಿ-ಶೋ" ಎಂದರೆ ತುಂಡನ್ನು ಮೊದಲೇ ಕಟ್ಟಿಟ್ಟು, ನಿಯಮಕ್ಕೆ ತಕ್ಕಂತೆ ತೆರೆಯನ್ನು ಎತ್ತುವುದೂ ಇಳಿಸುವುದೂ. "ವಿ-ಇಫ್" ಎಂದರೆ ನಿಯಮವು ಸಲ್ಲುವಾಗ ಮಾತ್ರ ತುಂಡನ್ನು ಕಟ್ಟುವುದು. ಸಲ್ಲದಿದ್ದಾಗ ಅದನ್ನೂ ಅದರೊಳಗಿನ ಮಕ್ಕಳು ಮೊಮ್ಮಕ್ಕಳನ್ನೂ ಪೂರ್ತಿಯಾಗಿ ಕಳಚಿಹಾಕುವುದು. ರಿಯಾಕ್ಟಿನಲ್ಲಿ ನಿಯಮವು ಸಲ್ಲದಿದ್ದಾಗ ಏನನ್ನೂ ಹಿಂದಿರುಗಿಸದೆ ಇರುವುದು ವಾಡಿಕೆ; ಅದೂ ಕಳಚುವ ಜಾತಿಯೇ. ಆಂಗ್ಯುಲರಿನ 17ನೆಯ ಆವೃತ್ತಿಯಲ್ಲಿ, ಅಂದರೆ 2023ರ ನವೆಂಬರಿನಲ್ಲಿ, ಇದಕ್ಕೆ ಹೊಸದೊಂದು ಬರವಣಿಗೆಯ ರೀತಿಯು ಬಂದಿತು, ಅರ್ಥವೇನೂ ಬದಲಾಗಲಿಲ್ಲ.

ಯಾವುದು ಮೇಲು ಎಂದು ಕೇಳುವವರಿಗೆ ಉತ್ತರವು ಕಷ್ಟವಲ್ಲ. ಗಳಿಗೆಗೊಮ್ಮೆ ತೆರೆದು ಮುಚ್ಚುವುದಾದರೆ ಕಟ್ಟಿಟ್ಟು ಅಡಗಿಸುವುದೇ ಅಗ್ಗ. ಸಾವಿರದಲ್ಲಿ ಒಬ್ಬರಿಗೆ ಬೇಕಾಗುವ ಭಾರಿ ತುಂಡಾದರೆ ಬೇಕಾದಾಗ ಕಟ್ಟುವುದೇ ಸರಿ. ಕಸುಬಿನ ಪುಸ್ತಕಗಳು ಬಹುಮಟ್ಟಿಗೆ ಇಷ್ಟನ್ನೇ ಹೇಳಿ ಸುಮ್ಮನಾಗುವುವು. ನಮ್ಮ ಅಭಿಪ್ರಾಯದಲ್ಲಿ ವೇಗದ ಪ್ರಶ್ನೆಯು ಇಲ್ಲಿ ಬಹು ಚಿಕ್ಕದು. ಅರ್ಜಿಯನ್ನು ತುಂಬುವವಳಿಗೆ ಪೆಟ್ಟಿಗೆಯು ಕಣ್ಣೆವೆಯಿಕ್ಕುವಷ್ಟರಲ್ಲಿ ಬಂದಿತೇ, ಅದರ ಅರ್ಧದಷ್ಟರಲ್ಲಿ ಬಂದಿತೇ ಎಂಬುದರಿಂದ ಆಗಬೇಕಾದುದೇನು? ಅವಳು ಬರೆದುದು ಉಳಿಯಿತೇ, ಬೇಡದ ಕಡೆಗೆ ಹೋಯಿತೇ ಎಂಬುದೇ ಅವಳಿಗೆ ಮುಖ್ಯ.

ಬರೆದುದು ಏನಾಗುವುದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತುಂಡನ್ನು ಕಳಚಿಹಾಕಿದರೆ ಅದರ ಸ್ವಂತ ನೆನಪೂ ಅದರೊಂದಿಗೆ ಹೋಗುವುದು. ಹುಡುಗಿಗೆ ಬಂದಿದ್ದ ಕಾಯಿಲೆಗಳನ್ನೂ ಅವಳಿಗೆ ಒಗ್ಗದ ಔಷಧಗಳನ್ನೂ ತಾಯಿಯು ಹತ್ತು ಸಾಲು ಬರೆದು, ಹಿಂದಿನ ಭಾಗದಲ್ಲಿ ಹುಟ್ಟಿದ ತಾರೀಖನ್ನು ತಿದ್ದಲು ಹೋಗಿ ಮರಳಿ ಬರುವಷ್ಟರಲ್ಲಿ ಹತ್ತು ಸಾಲೂ ಅಳಿಸಿಹೋಗಿರುವ ಪುಟಗಳು ಇಲ್ಲದಿಲ್ಲ. ಎರಡನೆಯ ಸಲ ಅವಳು ಹತ್ತು ಸಾಲು ಬರೆಯುವುದಿಲ್ಲ. "ಏನೂ ಇಲ್ಲ" ಎಂದು ಬರೆದು ಮುಗಿಸುವಳು. ಪೆನ್ಸಿಲಿನ್ ಒಗ್ಗದ ಹುಡುಗಿಯ ವಿಷಯದಲ್ಲಿ ಇದರ ಫಲವೇನಾಗಬಹುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಪರಿಹಾರಗಳುಂಟು. ಬರೆದುದನ್ನು ತುಂಡಿನೊಳಗೆ ಇಡದೆ ಅದರ ತಾಯಿತುಂಡಿನಲ್ಲಿ ಇರಿಸಬಹುದು. ವ್ಯೂವಿನಲ್ಲಿ "ಕೀಪ್-ಅಲೈವ್" ಎಂಬ ಹೊದಿಕೆಯೊಳಗೆ ಇಟ್ಟರೆ ತುಂಡು ವೃಕ್ಷದಿಂದ ಹೊರಗೆ ಬಂದರೂ ನೆನಪಿನಲ್ಲಿ ಜೀವ ಹಿಡಿದಿರುವುದು. ರಿಯಾಕ್ಟಿನವರು 2025ರ ಅಕ್ಟೋಬರಿನಲ್ಲಿ 19.2ನೆಯ ಆವೃತ್ತಿಯಲ್ಲಿ "ಆಕ್ಟಿವಿಟಿ" ಎಂಬ ಹೆಸರಿನಿಂದ ಅಂಥದೇ ಒಂದು ಅನುಕೂಲವನ್ನು ಒದಗಿಸಿದರು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು, ಮತ್ತು ನಮ್ಮ ಎಣಿಕೆಯಲ್ಲಿ ಅದೇ ಹೆಚ್ಚಿನದು. ತಾಯಿತುಂಡಿನಲ್ಲಿ ಇರಿಸಿದ ಮಾತು ಪೆಟ್ಟಿಗೆಯು ಮಾಯವಾದ ಮೇಲೂ ಅಲ್ಲಿಯೇ ಉಳಿದಿರುವುದು. ಒಬ್ಬ ತಂದೆಯು ಶುಲ್ಕದ ವಿನಾಯಿತಿಯನ್ನು ಕೋರಿ ಮನೆಯ ವರಮಾನವನ್ನೂ ಸಾಲವನ್ನೂ ಬರೆದನು. ಬರೆದಾದ ಮೇಲೆ ಮನಸ್ಸು ಹಿಂಜರಿದು "ವಿನಾಯಿತಿ ಬೇಡ" ಎಂದು ಗುರುತನ್ನು ತೆಗೆದನು. ಪೆಟ್ಟಿಗೆಗಳು ಮಾಯವಾದುವು, ತಾನು ಬರೆದುದೂ ಹೋಯಿತೆಂದು ಅವನು ತಿಳಿದನು. "ಕಳುಹಿಸಿ" ಎಂಬ ಗುಂಡಿಯನ್ನು ಒತ್ತಿದಾಗ ಆ ಎಲ್ಲಾ ಅಂಕಿಗಳೂ ಅರ್ಜಿಯ ಸಂಗಡ ಆಫೀಸಿಗೆ ಹೋದುವು. ತೆರೆಯ ಹಿಂದೆ ಅಡಗಿಸಿದ ಪೆಟ್ಟಿಗೆಯ ವಿಷಯದಲ್ಲಂತೂ ಇದಕ್ಕೆ ಯಾವ ಚೌಕಟ್ಟೂ ಬೇಕಾಗಿಲ್ಲ: ಕಣ್ಣಿಗೆ ಕಾಣದ ಪೆಟ್ಟಿಗೆಯಲ್ಲಿರುವುದನ್ನೂ ಬ್ರೌಸರು ಮಿಕ್ಕವುಗಳಂತೆಯೇ ಕಟ್ಟಿ ಕಳುಹಿಸುವುದು. ಆದಕಾರಣ ಪೆಟ್ಟಿಗೆಯನ್ನು ಅಡಗಿಸುವ ನಿಯಮವನ್ನು ಬರೆದ ಕೈಯಿಂದಲೇ, ಕಳುಹಿಸುವಾಗ ಅದರ ಮಾತನ್ನು ಬಿಟ್ಟುಬಿಡುವ ನಿಯಮವನ್ನೂ ಬರೆಯಬೇಕು. ಕಟ್ಟುವವರು ಬಹಳ ಸಲ ಮರೆಯುವುದು ಈ ಎರಡನೆಯದನ್ನೇ.

ತೆರೆಯ ಹಿಂದಿನ ಪೆಟ್ಟಿಗೆಯು ಇನ್ನೊಂದು ವಿಚಿತ್ರವನ್ನು ಮಾಡುವುದು. "ಇದನ್ನು ತುಂಬಲೇಬೇಕು" ಎಂಬ ಗುರುತುಳ್ಳ ಪೆಟ್ಟಿಗೆಯನ್ನು ಖಾಲಿಯಾಗಿರುವಾಗ ಅಡಗಿಸಿದರೆ, ಬ್ರೌಸರು ಅರ್ಜಿಯನ್ನು ಕಳುಹಿಸಲು ಒಪ್ಪದು. ಆದರೆ ತಪ್ಪು ಎಲ್ಲಿದೆಯೆಂದು ತೋರಿಸಬೇಕೆಂದರೆ ಆ ಪೆಟ್ಟಿಗೆಯು ಕಾಣುವ ಸ್ಥಳದಲ್ಲಿಲ್ಲ. ಹೀಗಿರಲಾಗಿ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಪುಟವು ಬಾಯಿ ಬಿಡದೆ ಕೂತಿರುವುದು. ಅರ್ಜಿಯ ಕಡೆಯ ದಿವಸ ಸಾಯಂಕಾಲ ಇಂಥ ಮೂಕ ಗುಂಡಿಯ ಮುಂದೆ ಕೂತು ತಮ್ಮ ಫೋನನ್ನೂ ತಮ್ಮ ಬುದ್ಧಿಯನ್ನೂ ಶಪಿಸಿಕೊಂಡ ಹೆತ್ತವರು, ದೋಷವು ಅವೆರಡರಲ್ಲಿಯೂ ಇರಲಿಲ್ಲವೆಂದು ಇನ್ನಾದರೂ ಸಮಾಧಾನ ಪಡಬಹುದು. ಪೆಟ್ಟಿಗೆಯನ್ನು ವೃಕ್ಷದಿಂದಲೇ ಕಳಚುವ ಪದ್ಧತಿಯಲ್ಲಿ ಈ ತೊಂದರೆ ಬಾರದು.

ಕಣ್ಣಿನಿಂದ ಓದದವರ ಕಡೆಗೂ ಇಲ್ಲಿ ಲಕ್ಷ್ಯ ಕೊಡಬೇಕು. ದೃಷ್ಟಿಯಿಲ್ಲದವರು ಜಾಲಪುಟವನ್ನು ಕಿವಿಯಿಂದ ಓದುವರು. ಅವರ ಕಂಪ್ಯೂಟರಿನಲ್ಲಿರುವ ಸ್ಕ್ರೀನ್ ರೀಡರ್ ಎಂಬ ಸಾಧನವು ಪುಟದ ತುಂಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಹೇಳುವುದು. 2006ರಲ್ಲಿ ಆಸ್ಟ್ರೇಲಿಯದಲ್ಲಿ ಮೈಕೆಲ್ ಕರನ್ ಎಂಬ ಅಂಧ ಯುವಕರು ಆರಂಭಿಸಿದ ಎನ್‌ವಿಡಿಎ ಎಂಬುದು ಕ್ರಯವಿಲ್ಲದೆ ದೊರೆಯುವುದು. ಕನ್ನಡವನ್ನೂ ಅದು ಓದಬಲ್ಲದು. ಈ ಸಾಧನವು ಪರದೆಯ ಚಿತ್ರವನ್ನು ನೋಡುವುದಿಲ್ಲ. ವೃಕ್ಷದಿಂದ ಬ್ರೌಸರು ತೆಗೆದುಕೊಡುವ ಬೇರೊಂದು ಪಟ್ಟಿಯನ್ನು ನೋಡುವುದು. ನಾವು ಮೇಲೆ ಹೇಳಿದ ಮೂರು ವಿಧಗಳಲ್ಲಿ ಯಾವುದರಿಂದ ಅಡಗಿಸಿದರೂ ಆ ತುಂಡು ಆ ಪಟ್ಟಿಯಿಂದಲೂ ಹೋಗುವುದು, ಇದು ನ್ಯಾಯವೇ. ಆದರೆ ಕೆಲವರು ತುಂಡನ್ನು ಬರಿಯ ಪಾರದರ್ಶಕವಾಗಿ ಮಾಡಿಯೋ, ಪರದೆಯ ಅಂಚಿನಿಂದ ಆಚೆಗೆ ತಳ್ಳಿಯೋ ಅಡಗಿಸುವರು. ಆಗ ಕಣ್ಣುಳ್ಳವರಿಗೆ ಇಲ್ಲದ ಪ್ರಶ್ನೆಯು ಕಣ್ಣಿಲ್ಲದವಳ ಕಿವಿಗೆ ಕೇಳಿಸುವುದು. ಹಾಸ್ಟೆಲನ್ನು ಕೋರದ ಹುಡುಗಿಯು ಹಾಸ್ಟೆಲಿನ ನಾಲ್ಕು ಪ್ರಶ್ನೆಗಳಿಗೂ ಉತ್ತರವನ್ನು ಹುಡುಕುತ್ತ ಕೂರುವಳು. ಇದಕ್ಕೆ ತಿರುಗುಮುರುಗಾಗಿ "ಆರಿಯಾ-ಹಿಡನ್" ಎಂಬ ಗುರುತನ್ನು ಹಾಕಿದರೆ ತುಂಡು ಕಣ್ಣಿಗೆ ಕಾಣುವುದು, ಕಿವಿಗೆ ಮಾತ್ರ ಕೇಳಿಸದು. ಕೇವಲ ಅಲಂಕಾರದ ಚಿತ್ರಗಳಿಗೆ ಅದು ಯೋಗ್ಯ. ಗುಂಡಿಗೆ ಹಾಕಿದರೆ ಅನ್ಯಾಯ.

ಮೂಡುವ ಪ್ರಶ್ನೆಯ ವಿಷಯದಲ್ಲಿಯೂ ಒಂದು ಮಾತುಂಟು. ಕಣ್ಣುಳ್ಳವಳು ಚೌಕಕ್ಕೆ ಗುರುತು ಹಾಕಿದಾಗ ಕೆಳಗೆ ನಾಲ್ಕು ಸಾಲು ಮೂಡಿದುದನ್ನು ತಾನೇ ಕಾಣುವಳು. ಕಿವಿಯಿಂದ ಓದುವವಳಿಗೆ ಯಾರಾದರೂ ಹೇಳಬೇಕು. ಅದಕ್ಕಾಗಿ ತೆರೆದು ಮುಚ್ಚುವ ಗುಂಡಿಯ ಮೇಲೆ "ತೆರೆದಿದೆ", "ಮುಚ್ಚಿದೆ" ಎಂದು ತಿಳಿಸುವ ಗುರುತನ್ನು ಇಡುವ ಏರ್ಪಾಡಿದೆ. ಹಾಗೆಯೇ ಅವಳು ನಿಂತಿದ್ದ ಪೆಟ್ಟಿಗೆಯೇ ಮಾಯವಾದರೆ ಅವಳ ಹೆಜ್ಜೆಯು ಪುಟದ ಮೊದಲಿಗೆ ಹೋಗಿ ಬೀಳಬಹುದು. ಮೂವತ್ತು ಪ್ರಶ್ನೆಗಳನ್ನು ದಾಟಿ ಬಂದವಳು ಮತ್ತೆ ಮೊದಲಿನಿಂದ ನಡೆಯಬೇಕು. ಕಟ್ಟುವವರು ಅವಳನ್ನು ಹತ್ತಿರದ ಇನ್ನೊಂದು ಪೆಟ್ಟಿಗೆಗೆ ತಾವೇ ಕರೆತಂದು ನಿಲ್ಲಿಸಬೇಕು. ಇದಕ್ಕೆ ಬೇಕಾದುದು ನಾಲ್ಕೈದು ಸಾಲಿನ ಬರವಣಿಗೆ, ಅಷ್ಟೇ.

ಈವರೆಗೆ ಹೇಳಿದುದೆಲ್ಲವೂ ಪುಟವು ನಮ್ಮ ಫೋನಿಗೆ ಬಂದು ತಲಪಿದ ಮೇಲಿನ ಕಥೆ. ಬರುವುದಕ್ಕೆ ಮುಂಚೆಯೇ, ಅಂದರೆ ಪುಟವನ್ನು ಕಳುಹಿಸಿಕೊಡುವ ಸರ್ವರಿನಲ್ಲಿಯೇ, ಯಾವುದು ಇರಬೇಕು ಯಾವುದು ಇರಬಾರದು ಎಂದು ತೀರ್ಮಾನಿಸುವ ಚೌಕಟ್ಟುಗಳೂ ಉಂಟು. 2004ರಲ್ಲಿ ಆರಂಭವಾದ ವಿಕೆಟ್ ಎಂಬುದು ಅಂಥದೊಂದು. ಇದರಲ್ಲಿ ಒಂದು ತುಂಡನ್ನು "ಕಾಣದಿರಲಿ" ಎಂದು ಗುರುತಿಸಿದರೆ, ಕಳುಹಿಸುವ ಪುಟದಲ್ಲಿ ಅದರ ಬರಹವೇ ಇರುವುದಿಲ್ಲ. ಹುಡುಗಿಯು ಊರಿನಿಂದಲೇ ಹೊರಟಿಲ್ಲ. ಅಷ್ಟೇ ಅಲ್ಲದೆ, ಯಾರಾದರೂ ಚಮತ್ಕಾರದಿಂದ ಕಾಣದ ಗುಂಡಿಯನ್ನು ಒತ್ತಿದಂತೆ ನಟಿಸಿ ಸರ್ವರಿಗೆ ಸಂದೇಶವನ್ನು ಕಳುಹಿಸಿದರೂ, ಆ ತುಂಡು ಈಗ ಕಾಣದ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿ ವಿಕೆಟ್ ಅದನ್ನು ನಡೆಸಿಕೊಡುವುದಿಲ್ಲ.

ಇದರಲ್ಲಿ ಹೊಸಬರು ಎಡವುವ ಸ್ಥಳವೂ ಒಂದುಂಟು. ಪುಟವನ್ನು ಪೂರ್ತಿಯಾಗಿ ಮತ್ತೆ ತರಿಸದೆ ಒಂದು ತುಂಡನ್ನು ಮಾತ್ರ ಬದಲಿಸಬೇಕಾದಾಗ ಬ್ರೌಸರು ಹಳೆಯ ತುಂಡನ್ನು ಹುಡುಕಿ ಅದರ ಸ್ಥಳದಲ್ಲಿ ಹೊಸದನ್ನು ಇಡುವುದು. ಹಳೆಯದು ಕಾಣದ ಸ್ಥಿತಿಯಲ್ಲಿದ್ದು ಪುಟಕ್ಕೇ ಬಂದಿರದಿದ್ದರೆ ಹುಡುಕುವುದೆಲ್ಲಿ? ಆದಕಾರಣ ಬರಿದಾದ ಒಂದು ಗುರುತನ್ನು ಅಲ್ಲಿ ನೆಟ್ಟುಬಿಡುವಂತೆ ಮುಂಚೆಯೇ ಹೇಳಿಡಬೇಕು. ವಿಕೆಟ್ಟಿನಲ್ಲಿ ಇದಕ್ಕೆ "ಸೆಟ್‌ಔಟ್‌ಪುಟ್‌ಮಾರ್ಕಪ್‌ಪ್ಲೇಸ್‌ಹೋಲ್ಡರ್‌ಟ್ಯಾಗ್" ಎಂಬ ಗಾಡಿಯುದ್ದದ ಹೆಸರನ್ನು ಇಟ್ಟಿರುವರು. ಬರಿದಾದ ಗುರುತಿನಲ್ಲಿ ಸ್ಥಳವಿದೆ, ಗುಟ್ಟು ಯಾವುದೂ ಇಲ್ಲ.

ಗುಟ್ಟು ಎಂದೆವು. ಅದೇ ನಮ್ಮನ್ನು ಈ ವಿಷಯದ ಅತಿ ಮುಖ್ಯವಾದ ಭಾಗಕ್ಕೆ ತರುವುದು. ತೆರೆಯ ಹಿಂದೆ ಅಡಗಿಸಿದುದು ಈಗಾಗಲೇ ನೋಡುವವನ ಕೈ ಸೇರಿದೆ. ಬ್ರೌಸರಿನ ಪಟ್ಟಿಯಲ್ಲಿ "ಪುಟದ ಮೂಲವನ್ನು ನೋಡು" ಎಂಬುದನ್ನು ಆರಿಸಿದರೆ ಅವನಿಗೆ ಎಲ್ಲವೂ ಓದಸಿಗುವುದು. ಇದಕ್ಕೆ ಬೀಗ ಮುರಿಯಬೇಕಾಗಿಲ್ಲ, ವಿದ್ಯೆಯೂ ಬೇಕಾಗಿಲ್ಲ.

ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ನಡೆದ ಸಂಗತಿಯೊಂದನ್ನು, ಅದು ಉಪಾಧ್ಯಾಯರಿಗೇ ಸಂಬಂಧಿಸಿದುದಾದ ಕಾರಣ, ಇಲ್ಲಿ ಹೇಳುವೆವು. ಆ ರಾಜ್ಯದ ವಿದ್ಯಾ ಇಲಾಖೆಯವರು ಉಪಾಧ್ಯಾಯರ ಯೋಗ್ಯತಾಪತ್ರಗಳನ್ನು ಜನರು ಹುಡುಕಿ ನೋಡಿಕೊಳ್ಳಲೆಂದು ಒಂದು ಜಾಲಪುಟವನ್ನು ಇಟ್ಟಿದ್ದರು. ಪುಟದ ಮೇಲೆ ಕಾಣುತ್ತಿದ್ದುದು ಯೋಗ್ಯತೆಯ ವಿವರಗಳು ಮಾತ್ರ. ಆದರೆ ಪುಟದ ಮೂಲಬರಹದಲ್ಲಿ ಉಪಾಧ್ಯಾಯರ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಗಳೂ ಸೇರಿಕೊಂಡು ಬರುತ್ತಿದ್ದುವು. ಒಂಬತ್ತು ಅಂಕಿಗಳ ಈ ಸಂಖ್ಯೆಯು ಆ ದೇಶದಲ್ಲಿ ತೆರಿಗೆಗೂ ನಿವೃತ್ತಿವೇತನಕ್ಕೂ ಬ್ಯಾಂಕಿನ ಸಾಲಕ್ಕೂ ಆಧಾರವಾದುದು. ಅದು ಕಳ್ಳರ ಕೈಗೆ ಸಿಕ್ಕಿದರೆ ಅವರು ಇವರ ಹೆಸರಿನಲ್ಲಿ ಸಾಲ ಎತ್ತಬಹುದು. 2021ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಎಂಬ ವೃತ್ತಪತ್ರಿಕೆಯ ವರದಿಗಾರರೊಬ್ಬರು ಇದನ್ನು ಕಂಡುಹಿಡಿದರು. ಪತ್ರಿಕೆಯವರು ಇಲಾಖೆಗೆ ಮೊದಲು ತಿಳಿಸಿ, ದೋಷವು ತಿದ್ದಲ್ಪಡುವ ವರೆಗೆ ಕಾದು, ಆ ಬಳಿಕ ಪ್ರಕಟಿಸಿದರು. 1,00,000ಕ್ಕೂ ಹೆಚ್ಚು ಉಪಾಧ್ಯಾಯರ ಸಂಖ್ಯೆಗಳು ಹೀಗೆ ಬಯಲಿಗೆ ಬೀಳುವ ಸ್ಥಿತಿಯಲ್ಲಿದ್ದುವೆಂದು ಅವರು ಎಣಿಸಿದರು.

ಮುಂದೆ ನಡೆದುದು ಇನ್ನೂ ವಿಚಿತ್ರ. ಆ ಕಾಲದ ಗವರ್ನರ್ ಮೈಕ್ ಪಾರ್ಸನ್ ಎಂಬವರು ಉಪಕಾರವನ್ನು ಸ್ಮರಿಸುವುದರ ಬದಲಿಗೆ, ವರದಿಗಾರನು ಕನ್ನ ಹಾಕಿದನೆಂದೂ ಅವನ ಮೇಲೆ ಮೊಕದ್ದಮೆ ಹೂಡಿಸುವೆನೆಂದೂ ಹೇಳಿಕೆ ಕೊಟ್ಟರು. ಇಲಾಖೆಯವರಾದರೋ ನವೆಂಬರಿನಲ್ಲಿ ಉಪಾಧ್ಯಾಯರ ಕ್ಷಮೆಯನ್ನು ಕೇಳಿದರು. 2022ರ ಫೆಬ್ರವರಿಯಲ್ಲಿ ಆ ಪ್ರಾಂತದ ಸರಕಾರಿ ವಕೀಲರು ಮೊಕದ್ದಮೆ ಹೂಡುವುದಿಲ್ಲವೆಂದು ತಿಳಿಸಿದರು. ತಾನೇ ಅಂಚೆಯ ಮೂಲಕ ಕಳುಹಿಸಿಕೊಟ್ಟ ಕಾಗದದ ಹಿಂಬದಿಯನ್ನು ಓದಿದುದಕ್ಕೆ ಓದಿದವನನ್ನು ಕಳ್ಳನೆಂದಂತೆ ಇದಾಯಿತು. ಆದರೂ ಗವರ್ನರರ ಭ್ರಾಂತಿಯು ಅವರೊಬ್ಬರದೇ ಅಲ್ಲ. ಕಾಣದುದು ಬಂದಿಲ್ಲವೆಂದು ಬಗೆಯುವುದು ಮನುಷ್ಯರಿಗೆ ಸಹಜವಾದುದು.

ಆದುದರಿಂದ ಪುಟವನ್ನು ಕಟ್ಟುವವರು ಒಂದು ತುಂಡನ್ನು ಅಡಗಿಸುವ ಮುಂಚೆ ಯಾಕೆ ಅಡಗಿಸುತ್ತೇವೆ ಎಂದು ಕೇಳಿಕೊಳ್ಳಬೇಕು. ಓದುವವಳಿಗೆ ಈಗ ಬೇಕಾಗಿಲ್ಲ ಎಂಬುದು ಕಾರಣವಾದರೆ ಬ್ರೌಸರಿನಲ್ಲಿ ಹೇಗೆ ಅಡಗಿಸಿದರೂ ನಡೆಯುವುದು. ಅವಳು ನೋಡತಕ್ಕದ್ದಲ್ಲ ಎಂಬುದು ಕಾರಣವಾದರೆ ಅದು ಸರ್ವರಿನಿಂದ ಹೊರಡಲೇ ಬಾರದು. ಅಂಕಪಟ್ಟಿಯ ಪುಟದಲ್ಲಿ "ಅಂಕವನ್ನು ತಿದ್ದು" ಎಂಬ ಗುಂಡಿಯು ಉಪಾಧ್ಯಾಯಿನಿಗೆ ಮಾತ್ರ ಕಾಣುವಂತೆ ಮಾಡಿದ್ದರೆ ಅದು ಸೌಕರ್ಯವೇ ಹೊರತು ಕಾವಲಲ್ಲ. ಗುಂಡಿಯಿಲ್ಲದೆಯೂ ಅದೇ ಸಂದೇಶವನ್ನು ಸರ್ವರಿಗೆ ಕಳುಹಿಸುವ ಉಪಾಯವನ್ನು ಹತ್ತನೆಯ ತರಗತಿಯ ಚುರುಕು ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಕಲಿತುಕೊಳ್ಳಬಲ್ಲಳು. ಸಂದೇಶವು ಬಂದಾಗ ಕಳುಹಿಸಿದವರು ಯಾರು, ಅವರಿಗೆ ಅಧಿಕಾರವುಂಟೇ ಎಂದು ಸರ್ವರು ತಾನೇ ವಿಚಾರಿಸಬೇಕು. ಜಾಲತಾಣಗಳ ಭದ್ರತೆಗಾಗಿ ದುಡಿಯುವ ಓವಾಸ್ಪ್ ಎಂಬ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಹತ್ತು ಮಹಾದೋಷಗಳ ಪಟ್ಟಿಯಲ್ಲಿ ಇಂಥ ಅಧಿಕಾರಪರೀಕ್ಷೆಯ ಲೋಪಕ್ಕೇ ಮೊದಲನೆಯ ಸ್ಥಾನವನ್ನು ಕೊಟ್ಟಿತು. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಯು 18 ವರುಷ ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಉಪಯೋಗಿಸುವುದಕ್ಕೆ ಹೆತ್ತವರ ಒಪ್ಪಿಗೆ ಬೇಕೆಂದು ವಿಧಿಸಿರುವುದು. ಒಪ್ಪಿಗೆಯನ್ನು ಕೇಳುವ ಪುಟಕ್ಕೂ ಈವರೆಗೆ ಹೇಳಿದುದೆಲ್ಲವೂ ಅನ್ವಯಿಸುವುದು.

ಹೆತ್ತವರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಫೋನಿನಲ್ಲಿ ಇದು ಕಷ್ಟ. ಮನೆಯಲ್ಲಿ ಕಂಪ್ಯೂಟರಿದ್ದರೆ ಅರ್ಜಿಯ ಪುಟವನ್ನು ತೆರೆದು ಎಫ್-12 ಎಂಬ ಕೀಲಿಯನ್ನು ಒತ್ತಿದರೆ ಬ್ರೌಸರು ತನ್ನ ವೃಕ್ಷವನ್ನೇ ಪಕ್ಕದಲ್ಲಿ ಬಿಚ್ಚಿ ತೋರಿಸುವುದು. ಹಾಸ್ಟೆಲಿನ ಚೌಕಕ್ಕೆ ಗುರುತು ಹಾಕುತ್ತ ತೆಗೆಯುತ್ತ ವೃಕ್ಷವನ್ನು ನೋಡುತ್ತಿದ್ದರೆ, ಕೊಂಬೆಯು ಹುಟ್ಟಿ ಸಾಯುತ್ತಿದೆಯೇ, ಅಲ್ಲಿಯೇ ಇದ್ದು ಬಣ್ಣಗೆಡುತ್ತಿದೆಯೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುವುದು. ಅನಂತರ ಇಲಿಯನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಅರ್ಜಿಯ ಕೊನೆಯ ವರೆಗೆ ನಡೆದು ನೋಡಬಹುದು. ನಡುವೆ ಎಲ್ಲಿಯಾದರೂ ಗುರುತು ಕಣ್ಣಿಗೆ ತಪ್ಪಿ, ಎರಡು ಮೂರು ಸಲ ಒತ್ತಿದ ಮೇಲೆ ಮತ್ತೆ ಕಾಣಿಸಿಕೊಂಡರೆ, ಅಷ್ಟು ಪೆಟ್ಟಿಗೆಗಳು ಅಲ್ಲಿ ಕಾಣದಂತೆ ಕೂತಿವೆಯೆಂದು ಎಣಿಸಬಹುದು. ಅಂಥವು ದೊರೆತರೆ ಶಾಲೆಯ ಆಫೀಸಿಗೆ ಒಂದು ಕಾಗದ ಬರೆಯುವುದು ಒಳ್ಳೆಯದು. ಯಾವ ಪ್ರಶ್ನೆಯ ಬಳಿಕ, ಯಾವ ಬ್ರೌಸರಿನಲ್ಲಿ ಎಂಬುದನ್ನು ತಪ್ಪದೆ ನಮೂದಿಸಬೇಕು.